ದೀಕ್ಷೆಯ ಹಾಡು ದಾಖಲೆಯಾದಾಗ

ಮಾಗಡಿ, ತುಮಕೂರು ಸೀಮೆಯ ಊರಹಬ್ಬದಲ್ಲಿ ಸೋಮನ ಕುಣಿತವಿದ್ದರೆ ಮೊದಲು ಮುಖವಾಡಕ್ಕೆ ಪೂಜೆಯಾಗಬೇಕು. ಮರದಲ್ಲಿ ಕೆತ್ತಿ ಬಣ್ಣ ಬಳಿದ, ಅಗಲ ಕಣ್ಣಿನ, ಹುರಿಮೀಸೆಯ ಆ ದೊಡ್ಡ ಮುಖ ಗ್ರಾಮದೇವತೆಯ ಬಂಟನದು. ಹೊರುವವನು ಮಡಿಯಲ್ಲಿರಬೇಕು. ಹೊತ್ತ ಮೇಲೆ ಊರವರು ಕೈಮುಗಿಯುವುದು ಸೋಮನಿಗೆ. ಒಳಗಿರುವವನು ಯಾರ ಮಗ, ಯಾವ ಕೇರಿಯವನು ಎಂಬುದು ಆ ಹೊತ್ತಿಗೆ ಲೆಕ್ಕಕ್ಕಿಲ್ಲ. ಇಂಥವೇ ಸೋಮಗಳು ರಾಮನಗರದ ಜಾನಪದ ಲೋಕದ ಲೋಕಮಹಲಿನಲ್ಲೂ ಇವೆ. ಅಲ್ಲಿ ಯಕ್ಷಗಾನದ ವೇಷಭೂಷಣ, ತೊಗಲುಗೊಂಬೆಗಳ ನಡುವೆ ಅವು ನಿಂತಿವೆ. ಶಾಲೆಯ ಮಕ್ಕಳು ಸಾಲಾಗಿ ಬಂದು ನೋಡಿ ಹೋಗುತ್ತಾರೆ. ಯಾರೂ ಆರತಿ ಎತ್ತುವುದಿಲ್ಲ.

ಗುಡಿಯ ಸೋಮ, ಸಂಗ್ರಹಾಲಯದ ಸೋಮ ಎರಡೂ ಒಂದೆಯೇ? ಪೂಜೆಗೆಂದು ಹುಟ್ಟಿದ ವಸ್ತು, ಹರಕೆಗೆಂದು ಕಲಿತ ಹಾಡು ಪಾಠಕ್ಕೆ, ಸಂಶೋಧನೆಗೆ, ಪ್ರದರ್ಶನಕ್ಕೆ ಬಂದಾಗ ಅದರೊಳಗಿನ ದೈವ ಎಲ್ಲಿ ಹೋಗುತ್ತದೆ? ಕಲೆ ಮತ್ತು ಮಾನವಿಕ ವಿಭಾಗಗಳು ಹೊರಗಿನ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳುವುದು ಈಗ ದಿನನಿತ್ಯದ ಮಾತು. ಸಹಿಯಾಗುವ ಕಾಗದದಲ್ಲಿ ಅವಧಿ, ಅನುದಾನ, ಹಕ್ಕುಸ್ವಾಮ್ಯದ ಕಲಮುಗಳಿರುತ್ತವೆ. ಈ ಪ್ರಶ್ನೆಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ರಾಮನಗರ ಸೀಮೆಯಲ್ಲಿ ನಿಂತು ಇದನ್ನು ಕೇಳುವುದಕ್ಕೆ ಕಾರಣವಿದೆ. ವಿಶ್ವವಿದ್ಯಾಲಯದ ಗೋಡೆಯ ಹೊರಗೆ ಜಾನಪದಕ್ಕೊಂದು ಮನೆ ಎದ್ದದ್ದು ಇಲ್ಲಿ.

ಆ ಕತೆಯ ಇಬ್ಬರು ಮುಖ್ಯರೂ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರು. ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯ ಮೈಸೂರು ವಿಶ್ವವಿದ್ಯಾಲಯದ ಒಳಗಿದ್ದುಕೊಂಡು ಕೆಲಸ ಮಾಡಿದರು. ಕುಲಪತಿ ದೇ. ಜವರೇಗೌಡರ ಬೆಂಬಲದಲ್ಲಿ ಜಾನಪದ ಅಲ್ಲಿ ಅಧ್ಯಯನದ ವಿಷಯವಾಗಿ ಬೇರೂರಿತು. ಜಯಲಕ್ಷ್ಮಿ ವಿಲಾಸದ ಅರಮನೆಯಲ್ಲಿ ಹಳ್ಳಿಯ ನೇಗಿಲು, ಕಂಡಾಯ, ಮುಖವಾಡಗಳು ಬಂದು ಕೂತವು. ರಾಜಮನೆತನದ ಹೆಣ್ಣುಮಗಳಿಗೆ ಕಟ್ಟಿಸಿದ ಮನೆಗೆ ಒಕ್ಕಲ ಮನೆಯ ಸಾಮಾನು ಬಂದದ್ದು ಸಣ್ಣ ಸಂಗತಿಯಲ್ಲ. ಕಟ್ಟಡ ಶಿಥಿಲವಾದಾಗ ಅದನ್ನು ನಿಲ್ಲಿಸಲು ಇನ್ಫೋಸಿಸ್ ಪ್ರತಿಷ್ಠಾನದಂಥ ಹೊರಗಿನವರ ನೆರವು ಬೇಕಾಯಿತು.

ಇನ್ನೊಬ್ಬರು ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು. ಹುಟ್ಟಿದ್ದು 1915ರಲ್ಲಿ, ನಿವೃತ್ತರಾದದ್ದು ಐಎಎಸ್ ಅಧಿಕಾರಿಯಾಗಿ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕ ರಾಮನಗರದ ಬಳಿ 15 ಎಕರೆಯಲ್ಲಿ 1994ರಲ್ಲಿ ಜಾನಪದ ಲೋಕದ ಬಾಗಿಲು ತೆರೆಯಿತು. ಅಡುಗೆಮನೆ, ಕಣಜದ ಸಾಮಾನುಗಳಿಗೆ ಲೋಕಮಾತಾ ಮಂದಿರ, ಕುಂಬಾರ ಕಮ್ಮಾರರ ಪರಿಕರಗಳಿಗೆ ಆಯಗಾರರ ಮಾಳೆ, ಕುಣಿತಕ್ಕೆ ಬಯಲು ರಂಗಮಂದಿರ. ಪರಿಷತ್ತು ಜಾನಪದದಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ ತರಗತಿಗಳನ್ನೂ ನಡೆಸಿತು. ಹೀಗೆ ವಿಶ್ವವಿದ್ಯಾಲಯ ಮಾಡುವ ಕೆಲಸವನ್ನೇ ಹೊರಗಿನ ಸಂಸ್ಥೆಯೊಂದು ಮಾಡತೊಡಗಿತು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯ ಶುರುವಾಗುವ ಹೊತ್ತಿಗೆ ರಾಮನಗರದ ಈ ಮನೆಗೆ ಹದಿನೇಳು ವರ್ಷವಾಗಿತ್ತು. ನಾಗೇಗೌಡರು 2005ರಲ್ಲೇ ತೀರಿಕೊಂಡಿದ್ದರು.

ನಾಗೇಗೌಡರ ಒಂದು ಪುಸ್ತಕದ ಹೆಸರನ್ನು ಇಲ್ಲಿ ನೆನೆಯಬೇಕು: ‘ಸೋಬಾನೆ ಚಿಕ್ಕಮ್ಮನ ಪದಗಳು’. ಹಾಡಿದ ಹೆಣ್ಣುಮಗಳ ಹೆಸರು ಪುಸ್ತಕದ ನೆತ್ತಿಯ ಮೇಲಿದೆ. ಜನಪದ ಗೀತೆಗೆ ಕರ್ತೃವಿಲ್ಲ, ಅದು ಸಮಷ್ಟಿಯದು ಎಂಬ ಪಾಠ ತರಗತಿಗಳಲ್ಲಿ ಗಟ್ಟಿಯಾಗಿದ್ದ ಕಾಲದಲ್ಲಿ ಇದು ದೊಡ್ಡ ನಡೆ. ತಾಳೆಗರಿಯ ಹಸ್ತಪ್ರತಿಯಾದರೆ ವಿದ್ವಾಂಸರು ಪ್ರತಿಕಾರನ ಹೆಸರು, ಕಾಲ, ಯಾವ ಮನೆಯಿಂದ ಬಂತು ಎಂಬುದನ್ನೆಲ್ಲ ಹುಡುಕಿ ಬರೆಯುತ್ತಾರೆ. ಗಂಟಲಲ್ಲಿ ಕಾಪಾಡಿಕೊಂಡು ಬಂದ ಕಾವ್ಯಕ್ಕೆ ಮಾತ್ರ ‘ಜನಪದ’ ಎಂದೊಂದು ಮುದ್ರೆ ಒತ್ತಿ ಸುಮ್ಮನಾದದ್ದುಂಟು. ಆ ಅನ್ಯಾಯ ಈಗ ಕಡಿಮೆಯಾಗಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜನಪದ ಮಹಾಕಾವ್ಯಗಳ ಸಂಪಾದನೆ ಕೈಗೊಂಡಾಗ ಹಿ.ಚಿ. ಬೋರಲಿಂಗಯ್ಯ ಮಂಟೇಸ್ವಾಮಿ ಕಾವ್ಯವನ್ನು, ಕೆ. ಕೇಶವನ್ ಪ್ರಸಾದ್ ಮಲೆ ಮಾದೇಶ್ವರ ಕಾವ್ಯವನ್ನು ಸಿದ್ಧಪಡಿಸಿದರು. ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಬಂದಾಗ ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಎಂದು ಮುಖಪುಟವೇ ಹೇಳಿತು.

ಆದರೆ ಹೆಸರು ಹಾಕಿದ ಮಾತ್ರಕ್ಕೆ ಮೂಲ ಪ್ರಶ್ನೆ ಮುಗಿಯುವುದಿಲ್ಲ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕತೆಯನ್ನು ತಂಬೂರಿ ಹಿಡಿದು ಹಾಡುವ ನೀಲಗಾರರು ಆ ಹಾಡನ್ನು ತಮ್ಮದೆಂದು ಭಾವಿಸಿ ಹಾಡುವವರಲ್ಲ. ನೀಲಗಾರನಾಗಲು ದೀಕ್ಷೆ ಬೇಕು. ದೀಕ್ಷೆಯ ಬೆನ್ನಿಗೆ ಭಿಕ್ಷೆ ಬರುತ್ತದೆ, ಜಾತ್ರೆಗೆ ಹೋಗುವ ಕಟ್ಟಳೆ ಬರುತ್ತದೆ, ಗುರುಮನೆಯ ಋಣ ಬರುತ್ತದೆ. ಬೊಪ್ಪೇಗೌಡನಪುರ, ಕಪ್ಪಡಿ, ಚಿಕ್ಕಲ್ಲೂರುಗಳಲ್ಲಿ ಒಕ್ಕಲು ಸೇರುವಾಗ ಹಾಡು ಆ ಇಡೀ ವ್ಯವಸ್ಥೆಯ ಒಂದು ಅಂಗ. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗಿ ಪಾಂಚಾಳರ ಕೈಯಲ್ಲಿ ಪಾಡುಪಟ್ಟ ಹಲಗೂರು ಕನಕಪುರ, ಚನ್ನಪಟ್ಟಣಗಳಿಗೆ ನೆರೆಯ ಊರು. ಕೇಳುವ ಒಕ್ಕಲಿಗೆ ಅದು ದೂರದ ಪುರಾಣವಲ್ಲ, ಸಂತೆಗೆ ಹೋಗುವ ದಾರಿಯಲ್ಲಿ ನಡೆದ ಸಂಗತಿ. ಮಾದೇಶ್ವರನ ದೇವರಗುಡ್ಡರ ಕಂಸಾಳೆಗೂ ಇದೇ ಮಾತು ಸಲ್ಲುತ್ತದೆ. ಶಿವರಾತ್ರಿಯ ಹೊತ್ತಿಗೆ ಕನಕಪುರದ ಕಡೆಯಿಂದ ಜನ ಸಂಗಮದ ಬಳಿ ಕಾವೇರಿ ದಾಟಿ, ಕಾಡು ಹಾದು ಏಳುಮಲೆಗೆ ನಡೆದೇ ಹೋಗುತ್ತಾರೆ. ದಾರಿಯುದ್ದಕ್ಕೂ ಹಾಡುವ ಪದಗಳು ಅವರ ಕಾಲಿಗೆ ಬಲ.

ಹಾಗಿದ್ದರೆ ಧ್ವನಿಮುದ್ರಣ ಯಂತ್ರದ ಮುಂದೆ, ಕಾಲೇಜಿನ ಕೊಠಡಿಯಲ್ಲಿ, ಜಾತ್ರೆಯಿಲ್ಲದ ದಿನ ಹಾಡಿದಾಗ ಅದು ಏನು?

ಈ ಪ್ರಶ್ನೆಯನ್ನು ಅತ್ಯಂತ ಶ್ರದ್ಧೆಯಿಂದ ಎದುರಿಸಿದ ಕೆಲಸ ನಡೆದದ್ದು ತುಳುನಾಡಿನಲ್ಲಿ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಮಂಗಳೂರು ವಿಶ್ವವಿದ್ಯಾಲಯದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆ ಸೇರಿ ಬೆಳ್ತಂಗಡಿ ತಾಲ್ಲೂಕಿನ ಮಾಚಾರು ಗೋಪಾಲ ನಾಯ್ಕರಿಂದ ಸಿರಿ ಪಾಡ್ದನವನ್ನು 1990ರ ಡಿಸೆಂಬರಿನಲ್ಲಿ ಹಾಡಿಸಿ ದಾಖಲಿಸಿದರು. 1998ರಲ್ಲಿ ಅಚ್ಚಾದ ಪಠ್ಯದಲ್ಲಿ 15,683 ಸಾಲುಗಳಿವೆ. ಗಾತ್ರದಲ್ಲಿ ಹೋಮರನ ಇಲಿಯಡ್‌ಗೆ ಸರಿಸಮ. ಗೋಪಾಲ ನಾಯ್ಕರು ಸಿರಿಜಾತ್ರೆಯಲ್ಲಿ ಕುಮಾರನಾಗಿ ನಿಂತು ಸಿರಿ ಬರುವ ಹೆಣ್ಣುಮಕ್ಕಳನ್ನು ನಡೆಸುವವರು. ಜಾತ್ರೆಯಲ್ಲಿ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ಹಾಡುವುದಿಲ್ಲ. ಮೈಮೇಲೆ ಬಂದವಳು ತಾನು ಸಿರಿಯೋ ಸೊನ್ನೆಯೋ ಅಬ್ಬಗೆಯೋ ದಾರಗೆಯೋ ಎಂದು ಗುರುತಿಸಿಕೊಳ್ಳಲು ಬೇಕಾದಷ್ಟು ಭಾಗ ಮಾತ್ರ ಅಲ್ಲಿ ಕೇಳಿಬರುತ್ತದೆ. ಇಡಿಯಾದ ಮಹಾಕಾವ್ಯ ಗೋಪಾಲ ನಾಯ್ಕರ ಮನಸ್ಸಿನಲ್ಲಿತ್ತು. ವಿದ್ವಾಂಸರು ಕೇಳಿದ್ದರಿಂದ ಅದು ಆ ರೂಪದಲ್ಲಿ ಹೊರಬಂತು. ಹೊಂಕೊ ಇದನ್ನು ಮುಚ್ಚಿಡಲಿಲ್ಲ. ಪಠ್ಯ ಹೇಗೆ ಹುಟ್ಟಿತು ಎಂಬುದಕ್ಕೇ ಪ್ರತ್ಯೇಕ ಸಂಪುಟ ಬರೆದರು.

ಎಂದರೆ ವಿಶ್ವವಿದ್ಯಾಲಯ ಇದ್ದದ್ದನ್ನು ಇದ್ದಂತೆ ಎತ್ತಿಕೊಂಡು ಹೋಗುವುದಿಲ್ಲ. ಅದು ಕೇಳುವುದರಿಂದಲೇ ಹೊಸತೊಂದು ಹುಟ್ಟುತ್ತದೆ. ಪುಸ್ತಕದ ಸಿರಿ ಸುಳ್ಳಲ್ಲ. ಆದರೆ ಜಾತ್ರೆಯ ಸಿರಿಯ ಜಾಗದಲ್ಲಿ ಅವಳನ್ನು ನಿಲ್ಲಿಸಲಾಗದು.

ಇಲ್ಲಿಂದ ಮಾತು ಒಡೆತನಕ್ಕೆ ಬರುತ್ತದೆ. ಹಾಡು ಯಾರದು? ಗಾಯಕನನ್ನು ಕೇಳಿದರೆ ಸ್ವಾಮಿಯದು ಎನ್ನುತ್ತಾನೆ. ಇದನ್ನು ವಿನಯದ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಭಾರತದ ತತ್ತ್ವಚಿಂತಕರು ಈ ಮಾತನ್ನು ಅಕ್ಷರಶಃ ತೆಗೆದುಕೊಂಡು ಶತಮಾನಗಳ ಕಾಲ ವಾದಿಸಿದ್ದಾರೆ. ಜೈಮಿನಿ ಸೂತ್ರಗಳಿಗೆ ಭಾಷ್ಯ ಬರೆದ ಶಬರಸ್ವಾಮಿ ಒಂಬತ್ತನೆಯ ಅಧ್ಯಾಯದಲ್ಲಿ ಕೊಡುವ ಉತ್ತರ ಇಂದಿಗೂ ಬೆರಗು ಹುಟ್ಟಿಸುತ್ತದೆ. ದೇವರ ಊರು, ದೇವರ ಹೊಲ ಎನ್ನುವುದು ಬರೀ ಉಪಚಾರದ ಮಾತು ಎನ್ನುತ್ತಾನೆ ಅವನು. ತನಗೆ ಬೇಕಾದಂತೆ ವಿನಿಯೋಗಿಸಬಲ್ಲವನು ಒಡೆಯ. ದೇವತೆ ಹೊಲವನ್ನು ಯಾರಿಗೂ ಕೊಟ್ಟದ್ದಿಲ್ಲ, ಬಿಟ್ಟದ್ದಿಲ್ಲ. ಮೀಮಾಂಸಕನಿಗೆ ಕರ್ಮವೇ ಮುಖ್ಯ, ದೇವತೆ ಅದಕ್ಕೆ ಅಧೀನ. ವೇದಾಂತಿಗಳು ಇದನ್ನು ಒಪ್ಪಲಿಲ್ಲ. ಬ್ರಹ್ಮಸೂತ್ರದ ದೇವತಾಧಿಕರಣದಲ್ಲಿ ಶಂಕರರು ದೇವತೆಗಳಿಗೆ ಶರೀರವುಂಟು ಎಂದು ವಾದಿಸಿದರು. ಚನ್ನಪಟ್ಟಣದ ಪಕ್ಕದ ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರ ಆಶ್ರಯದಲ್ಲಿ ಬೆಳೆದ ವ್ಯಾಸತೀರ್ಥರ ದ್ವೈತಕ್ಕಂತೂ ಜಗತ್ತೂ ಸತ್ಯ, ದೇವತೆಗಳೂ ಸತ್ಯ, ಅವರ ನಡುವಿನ ತಾರತಮ್ಯವೂ ಸತ್ಯ.

ಇಪ್ಪತ್ತನೆಯ ಶತಮಾನದ ಕೊನೆಗೆ ಈ ವಾದ ಲಂಡನ್ ನ್ಯಾಯಾಲಯದವರೆಗೆ ಹೋಯಿತು. ತಮಿಳುನಾಡಿನ ಪತ್ತೂರಿನಲ್ಲಿ 1976ರಲ್ಲಿ ನೆಲದೊಳಗೆ ಸಿಕ್ಕ ನಟರಾಜ ವಿಗ್ರಹ ಕೈಯಿಂದ ಕೈಗೆ ದಾಟಿ ಕೆನಡಾದ ಕಂಪನಿಯೊಂದರ ಪಾಲಾಗಿತ್ತು. ಬ್ರಿಟನ್ನಿನ ಪೊಲೀಸರು ಅದನ್ನು ವಶಪಡಿಸಿಕೊಂಡಾಗ ಪಾಳುಬಿದ್ದ ಗುಡಿಯೇ ತನ್ನ ವಿಗ್ರಹ ಕೇಳಿ ದಾವೆಯಲ್ಲಿ ನಿಂತಿತು. ಭಾರತದ ಕಾನೂನಿನಲ್ಲಿ ದೇವರಿಗೆ, ದೇವಾಲಯಕ್ಕೆ ವ್ಯಕ್ತಿಯ ಸ್ಥಾನವಿರುವುದರಿಂದ ಇಂಗ್ಲಿಷ್ ನ್ಯಾಯಾಲಯವೂ ಅದನ್ನು ಮನ್ನಿಸಿತು. 1991ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು ಉಳಿಯಿತು, ನಟರಾಜ ತಮಿಳುನಾಡಿಗೆ ಮರಳಿದ.

ಕಂಚಿನ ಮೂರ್ತಿಗೆ ದಾರಿ ಸಿಕ್ಕಿತು. ಹಾಡಿಗೆ? ಹಾಡನ್ನು ಕದ್ದರೂ ಅದು ಮೂಲದಲ್ಲೇ ಇರುತ್ತದೆ, ಹಿಂದಿರುಗಿಸುವ ಮಾತೇ ಬರುವುದಿಲ್ಲ ಎಂದು ವಾದಿಸಬಹುದು. ಈ ವಾದ ಪೂರ್ತಿ ಸರಿಯಲ್ಲ. ಕಂಸಾಳೆಯ ಬೀಸು ಗುರುವಿನ ದೀಕ್ಷೆಯಿಲ್ಲದೆ ಮೆರವಣಿಗೆಗಳ ಅಲಂಕಾರವಾದಾಗ ದೇವರಗುಡ್ಡನ ಮನೆಯಲ್ಲೂ ಏನೋ ಬದಲಾಗುತ್ತದೆ. ದೀಕ್ಷೆ ಏಕೆ ಪಡೆಯಬೇಕು ಎಂದು ಅವನ ಮಗ ಕೇಳಿದರೆ ಅವನಲ್ಲಿ ಉತ್ತರವಿರುವುದಿಲ್ಲ. ಕುಣಿತ ಉಳಿದು ಕಟ್ಟಳೆ ಸಡಿಲಾಗುವ ನಷ್ಟ ಯಾವ ಕಡತದಲ್ಲೂ ದಾಖಲಾಗದು.

ಶಬರನ ಮಾತಿನಲ್ಲೇ ಇದಕ್ಕೊಂದು ದಾರಿ ಇದೆ ಎಂದು ತೋರುತ್ತದೆ. ಮೀಮಾಂಸೆ ಒಡೆತನದಿಂದ ಗಮನ ತೆಗೆದು ಅಧಿಕಾರದ ಕಡೆ ಇಡುತ್ತದೆ. ಅಲ್ಲಿ ಅಧಿಕಾರಿ ಎಂದರೆ ಕರ್ಮವನ್ನು ಎಲ್ಲ ಅಂಗಗಳೊಂದಿಗೆ ನಡೆಸುವ ಅರ್ಹತೆಯೂ ಹೊಣೆಯೂ ಉಳ್ಳವನು. ಫಲ ಬೇಕು, ಹೊಣೆ ಬೇಡ ಎನ್ನುವವನಿಗೆ ಅಧಿಕಾರವಿಲ್ಲ. ನೀಲಗಾರನಿಗೆ ಹಾಡುವ ಅಧಿಕಾರ ಬಂದದ್ದು ಭಿಕ್ಷೆ, ಜಾತ್ರೆ, ಗುರುಸೇವೆಯ ಹೊಣೆ ಹೊತ್ತದ್ದರಿಂದ. ಅವನಿಂದ ಹಾಡು ಪಡೆಯುವ ವಿಶ್ವವಿದ್ಯಾಲಯವೂ ಹೊಣೆಯ ಒಂದು ಪಾಲನ್ನು ಹೊರಬೇಕು. ಗೌರವಧನ ಕೊಟ್ಟು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಲೆಕ್ಕ ಚುಕ್ತಾ ಆಗುವುದಿಲ್ಲ, ಏಕೆಂದರೆ ಮಾರಲು ಅದು ಅವನ ಸ್ವತ್ತಾಗಿರಲಿಲ್ಲ.

ಅಧಿಕಾರ ಎಂಬ ವಿಚಾರಕ್ಕೆ ಕಹಿಯ ಚರಿತ್ರೆಯೂ ಇದೆ. ಶೂದ್ರರನ್ನು, ಹೆಂಗಸರನ್ನು ವೇದದಿಂದ ಹೊರಗಿಟ್ಟದ್ದು ಇದೇ ತರ್ಕ. ಆದುದರಿಂದ ಅದನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಆದರೆ ಅಧಿಕಾರವನ್ನು ಹುಟ್ಟಿನಿಂದ ಬಿಡಿಸಿ ದೀಕ್ಷೆಗೆ ಕಟ್ಟಿದವರು ಮಂಟೇಸ್ವಾಮಿಯ ಪರಂಪರೆಯಂಥವರೇ. ಅಲ್ಲಿ ದಲಿತರಿಂದ ಹಿಡಿದು ಹಲವು ಜಾತಿಗಳ ಒಕ್ಕಲು ನೀಲಗಾರರಾಗಿದ್ದಾರೆ. ಚಿಕ್ಕಲ್ಲೂರಿನ ಪಂಕ್ತಿಸೇವೆಯಲ್ಲಿ ಜೊತೆಗೂಡಿ ಉಣ್ಣುತ್ತಾರೆ. ಗ್ರಂಥಗಳು ಮುಚ್ಚಿದ ಬಾಗಿಲನ್ನು ತಂಬೂರಿ ತೆರೆಯಿತು. ಧರ್ಮಶಾಸ್ತ್ರ ಓದುವ ವಿಭಾಗಗಳು ಈ ಕಾವ್ಯವನ್ನು ತತ್ತ್ವಶಾಸ್ತ್ರವೆಂದೇ ಓದಬೇಕಾದ ಕಾಲ ಬಂದು ಬಹಳ ದಿನವಾಗಿದೆ. ಅದನ್ನು ಕನ್ನಡ ವಿಭಾಗದ ಜಾನಪದ ಪತ್ರಿಕೆಗಷ್ಟೇ ಬಿಟ್ಟಿರುವುದು ವಿದ್ಯಾಸಂಸ್ಥೆಗಳ ದೊಡ್ಡ ಲೋಪ.

ಮತ್ತೆ ಸೋಮನ ಮುಖಕ್ಕೆ ಬಂದರೆ ಪ್ರಶ್ನೆಗೆ ಇನ್ನೊಂದು ಪದರವಿದೆ. ಸಂಗ್ರಹಾಲಯದ ಧರ್ಮ ಉಳಿಸುವುದು. ಆರಾಧನೆಯ ಧರ್ಮ ಹಲವು ಸಲ ಕಳುಹಿಸಿಕೊಡುವುದು. ಗಣಪತಿ ನೀರಿಗೆ ಹೋಗಬೇಕು. ಕರಗದ ಕುಂಭದಿಂದ ದೇವಿಯನ್ನು ಬೀಳ್ಕೊಡಬೇಕು. ರಾಮನಗರದ ಚಾಮುಂಡೇಶ್ವರಿ ಕರಗವಾದರೂ ಅಷ್ಟೇ. ಆವಾಹನೆಯಷ್ಟೇ ವಿಸರ್ಜನೆಯೂ ಪೂಜೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಭೂತಗಳ ಹಳೆಯ ಮರದ ಮೂರ್ತಿಗಳು ಇಂದು ದಿಲ್ಲಿಯ ಕರಕುಶಲ ಸಂಗ್ರಹಾಲಯದಲ್ಲಿವೆ. ಮೆಕ್ಕೆಕಟ್ಟಿನ ಗುಡಿಯಲ್ಲಿ ಹೊಸ ಮೂರ್ತಿಗಳಿಗೆ ಪೂಜೆ ನಡೆಯುತ್ತಿದೆ. ದೈವ ಹೊಸ ಮರಕ್ಕೆ ದಾಟಿತು ಎಂಬುದು ಭಕ್ತರ ನಂಬಿಕೆ. ಹಾಗಾದರೆ ದಿಲ್ಲಿಯಲ್ಲಿರುವುದು ಕಳಚಿಟ್ಟ ಅಂಗಿ. ಅದನ್ನು ನೋಡುವುದರಲ್ಲಿ, ಅದರ ಕೆತ್ತನೆಗೆ ಬೆರಗಾಗುವುದರಲ್ಲಿ ದೈವಕ್ಕೆ ಅಪಚಾರವಿಲ್ಲ.

ಎಲ್ಲರೂ ಹೀಗೆ ಬಿಟ್ಟುಕೊಡುವುದಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದ ಝುನಿ ಜನಾಂಗದವರು ತಮ್ಮ ಯುದ್ಧದೇವತೆಗಳ ಮರದ ಮೂರ್ತಿಗಳನ್ನು ಬಯಲಿನ ಗುಡಿಗಳಲ್ಲಿ ಬಿಡುತ್ತಾರೆ. ಬಿಸಿಲು ಮಳೆಗೆ ಅವು ಕರಗಿ ಮಣ್ಣಾಗಬೇಕು, ಹಾಗೆ ಕರಗುವುದೇ ಅವುಗಳ ಕೆಲಸ. ಸಂಗ್ರಹಕಾರರು ಅವನ್ನು ಒಯ್ದು ಗಾಜಿನೊಳಗೆ ಕೆಡದಂತೆ ಇಟ್ಟರು. 1978ರಿಂದ ಝುನಿ ಹಿರಿಯರು ಒಂದೊಂದೇ ಸಂಗ್ರಹಾಲಯದ ಬಾಗಿಲು ತಟ್ಟಿದರು; ಡೆನ್ವರ್ ಕಲಾ ಸಂಗ್ರಹಾಲಯ 1980ರಲ್ಲಿ ಮರಳಿಸಿತು, ಮುಂದೆ ಇನ್ನೂ ಹಲವು ಮರಳಿದವು. ಕೆಡಲು ಬಿಡುವುದಕ್ಕೆಂದೇ ವಸ್ತುವನ್ನು ಹಿಂದಿರುಗಿಸುವುದು ಸಂಗ್ರಹಾಲಯಕ್ಕೆ ಎಷ್ಟು ಕಷ್ಟದ ನಿರ್ಧಾರ ಎಂದು ಊಹಿಸಬಹುದು.

ಈ ಎರಡು ಉದಾಹರಣೆಗಳು ಒಂದೇ ನಿಯಮಕ್ಕೆ ಒಗ್ಗುವುದಿಲ್ಲ, ಒಗ್ಗಿಸಬೇಕಾಗಿಯೂ ಇಲ್ಲ. ಯಾವ ದೈವ ದಾಟುತ್ತದೆ, ಯಾವುದು ದಾಟುವುದಿಲ್ಲ ಎಂಬುದನ್ನು ಆ ಪೂಜೆ ಮಾಡುವವರನ್ನೇ ಕೇಳಿ ತಿಳಿಯಬೇಕು. ಪೂಜಾ ಕುಣಿತದ ಪಟ ಹೊರುವವನು, ಸಾವನದುರ್ಗದ ವೀರಭದ್ರನ ಒಕ್ಕಲಿನ ವೀರಗಾಸೆಯವನು, ಕಬ್ಬಾಳಮ್ಮನ ಪೂಜಾರಿ ಮೂವರ ಉತ್ತರವೂ ಬೇರೆಯಾಗಬಹುದು. ಒಂದೇ ಅಚ್ಚಿನ ಒಪ್ಪಿಗೆ ಪತ್ರದಲ್ಲಿ ಅದು ಹಿಡಿಸದು.

ಕೇಳುವ ಈ ಕೆಲಸಕ್ಕೆ ಈಗ ಸ್ವಲ್ಪ ಅನುಕೂಲವೂ ಆಗಿದೆ. ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಅವಕಾಶ ಕೊಟ್ಟಿತು. ಹದಿನೈದು ವರ್ಷದ ಅನುಭವವಿದ್ದರೆ ಪದವಿಯ ಹಂಗಿಲ್ಲದೆ ಪಾಠ ಹೇಳಬಹುದು. ಕಲೆಗಳೂ ಅದರ ವ್ಯಾಪ್ತಿಯಲ್ಲಿವೆ. ಎಲ್ಲಮ್ಮನ ಜೋಗತಿಯಾಗಿ ಚೌಡಿಕೆ ಹಿಡಿದು ಹಾಡಿ, ಕೊಡ ಹೊತ್ತು ಕುಣಿದು ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು ದೊಡ್ಡ ತಿರುವು. ಅಲ್ಲಿಯವರೆಗೆ ಅರ್ಜಿ ಹಿಡಿದು ನಿಲ್ಲುತ್ತಿದ್ದ ಕಡೆಯವರು ಮೇಜಿನ ಆಚೆ ಕೂತರು. ಜೋಗತಿಯೊಬ್ಬಳಿಗೆ ಪಡಲಗಿ ಎಷ್ಟು ಹೊತ್ತಿಗೆ ಪೂಜೆಯ ವಸ್ತು, ಎಷ್ಟು ಹೊತ್ತಿಗೆ ರಂಗದ ಪರಿಕರ ಎಂಬುದು ಮೈಯಲ್ಲಿ ಗೊತ್ತಿರುತ್ತದೆ. ಅಂಥವರು ಒಪ್ಪಂದದ ಕರಡನ್ನು ಬರೆಯುವ ಕೋಣೆಯಲ್ಲೇ ಇರಬೇಕು, ಉದ್ಘಾಟನೆಯ ವೇದಿಕೆಯಲ್ಲಿ ಮಾತ್ರವಲ್ಲ.

ರಾಮನಗರದಲ್ಲಿ ಇದನ್ನು ಇವತ್ತೇ ಶುರುಮಾಡಬಹುದು. ಬೆಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಊರಿನಲ್ಲೇ ಇದೆ. ಕನಕಪುರ, ಚನ್ನಪಟ್ಟಣ, ಮಾಗಡಿಗಳಲ್ಲಿ ಪದವಿ ಕಾಲೇಜುಗಳಿವೆ. ಜಾನಪದ ಲೋಕದ ಭಂಡಾರದಲ್ಲಿ ನಾಗೇಗೌಡರ ಕಾಲದಿಂದ ಮುದ್ರಿಸಿಕೊಂಡ ಧ್ವನಿ ಮತ್ತು ದೃಶ್ಯ ಸುರುಳಿಗಳಿವೆ. ಹಾಡಿದವರಲ್ಲಿ ಎಷ್ಟೋ ಜನ ಇಂದು ಇಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಹೊಸ ದಶಪಥದ ಮೇಲೆ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ವಾಹನಗಳು ಮೈಸೂರಿಗೆ ಓಡುತ್ತಿರುವ ಈ ದಿನಗಳಲ್ಲಿ, ದಾರಿಹೋಕ ಪ್ರವಾಸಿಗಳನ್ನಷ್ಟೇ ನಂಬಿಕೊಂಡು ಸಂಗ್ರಹಾಲಯ ಬದುಕುವುದೂ ಕಷ್ಟ. ಸುತ್ತಲ ಹಳ್ಳಿಗಳೊಂದಿಗಿನ ಹಳೆಯ ಸಂಬಂಧವೇ ಅದಕ್ಕೆ ಆಸರೆಯಾಗಬೇಕು. ಎಂ.ಎ. ವಿದ್ಯಾರ್ಥಿಗಳ ಒಂದು ತಂಡ ಕ್ಷೇತ್ರಕಾರ್ಯದ ಹೆಸರಿನಲ್ಲಿ ಹೊಸದಾಗಿ ಹಾಡು ಕೇಳಲು ಹೋಗುವ ಬದಲು, ಹಳೆಯ ಸುರುಳಿಯ ಪ್ರತಿಯೊಂದನ್ನು ಹಿಡಿದು ಆ ಗಾಯಕನ ಮನೆಗೆ ಹೋಗಲಿ. ಅಲ್ಲಿ ಅದನ್ನು ಎಲ್ಲರಿಗೂ ಕೇಳಿಸಬಹುದೇ, ಜಾತ್ರೆಯ ದಿನ ಬಿಟ್ಟು ಬೇರೆ ದಿನ ಹಾಕಬಹುದೇ, ಹೆಂಗಸರು ಮಕ್ಕಳ ಮುಂದೆ ಬಾರದ ಭಾಗವೇನಾದರೂ ಇದೆಯೇ ಎಂದು ಮನೆಯವರನ್ನೂ ಗುರುಮನೆಯವರನ್ನೂ ಕೇಳಿ ಬರೆದುಕೊಳ್ಳಲಿ. ಆ ಉತ್ತರಗಳೂ ಭಂಡಾರದ ಕಡತ ಸೇರಲಿ, ಹಾಡಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ.